ಕೈ ತಲುಪದ ಕಡೆ ಕಾಯುವ ಕದ

ನಮ್ಮ ಸಂಘದ ವಾರ್ಷಿಕೋತ್ಸವದ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕಾಲೇಜು ಹುಡುಗನೊಬ್ಬ ಕುಳಿತಿದ್ದ. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು; ಆದರೂ ಚೊಕ್ಕವಾಗಿ ಕನ್ನಡ ಮಾತನಾಡುತ್ತಿದ್ದ. "ಅಂಕಲ್, ನೀವು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದ. "ವಾಲ್ವ್ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದೆ. ಎಣ್ಣೆ ಬಾವಿಗಳಿಗೆ, ಕೊಳವೆ ಮಾರ್ಗಗಳಿಗೆ ಬೇಕಾದ ವಾಲ್ವ್‌ಗಳನ್ನು ತಯಾರಿಸುತ್ತಿದ್ದೆವು" ಎಂದೆ. ಅವನು ಅನ್ನಕ್ಕೆ ಸಾರು ಕಲಸುತ್ತ, "ವಾಲ್ವ್ ಅಂದ್ರೆ ನಲ್ಲಿ ತಾನೆ? ಮೂವತ್ತು ವರ್ಷ ನಲ್ಲಿ ಮಾಡಿದ್ರಾ?" ಎಂದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಹೆಚ್ಚಿನವರು ತಿಳಿದಿರುವುದೂ ಅಷ್ಟೇ. ಆದರೆ ಆ ರಾತ್ರಿ ಲೋಕಲ್ ಗಾಡಿಯಲ್ಲಿ ಮನೆಗೆ ಮರಳುವಾಗ, ಆ ಹುಡುಗನಿಗೆ ಸರಿಯಾದ ಉತ್ತರ ಕೊಡಲಿಲ್ಲವಲ್ಲ ಎಂದು ಮನಸ್ಸು ಕುಟುಕಿತು. ಅಂದು ಕೊಡದ ಉತ್ತರವೇ ಈ ಲೇಖನ.

ಯುವ ಮಿತ್ರರೇ, 2005ರ ಜುಲೈ 26ರ ಬಗ್ಗೆ ನಿಮ್ಮ ತಂದೆ ತಾಯಿಯರನ್ನು ಒಮ್ಮೆ ಕೇಳಿ ನೋಡಿ. ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮುಂಬಯಿ ಮುಳುಗಿದ ದಿನವದು. ಸೊಂಟದೆತ್ತರದ ನೀರಿನಲ್ಲಿ ರಾತ್ರಿಯಿಡೀ ನಡೆದು ಮನೆ ಸೇರಿದವರ ಕಥೆಗಳು ನಮ್ಮ ಪ್ರತಿ ಮನೆಯಲ್ಲೂ ಇವೆ. ಆದರೆ ಅದರ ಮರುದಿನ ನಡೆದ ಇನ್ನೊಂದು ದುರಂತ ಹಲವರಿಗೆ ನೆನಪಿಲ್ಲ. ಜುಲೈ 27ರಂದು, ನಗರ ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ, ಕರಾವಳಿಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿ ಮುಂಬಯಿ ಹೈ ಎಣ್ಣೆ ಕ್ಷೇತ್ರದ ಉತ್ತರ ವೇದಿಕೆ ಬೆಂಕಿಗೆ ಆಹುತಿಯಾಯಿತು. 22 ಮಂದಿ ಪ್ರಾಣ ಕಳೆದುಕೊಂಡರು. ವಾಲ್ವ್ ಎಂದರೆ ಬರಿಯ ನಲ್ಲಿಯೇ ಎಂಬ ಪ್ರಶ್ನೆಗೆ ಆ ಬೆಂಕಿಯಲ್ಲಿ ಒಂದು ಉತ್ತರವಿದೆ. ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಯಿಂದಲೇ ಆರಂಭಿಸೋಣ.

ಮನೆಯೊಳಗಿನ ಕವಾಟಗಳು

ಪುಸ್ತಕದ ಕನ್ನಡದಲ್ಲಿ ವಾಲ್ವ್‌ಗೆ ಕವಾಟ ಎನ್ನುತ್ತೇವೆ. ಹೃದಯದ ಕವಾಟ ಎಂಬ ಮಾತನ್ನು ನೀವು ಕೇಳಿರಬಹುದು. ಕವಾಟವೆಂದರೆ ಬಾಗಿಲು, ಕದ. ಹರಿಯುವುದಕ್ಕೊಂದು ಕದ: ತೆರೆದರೆ ಹರಿವು, ಮುಚ್ಚಿದರೆ ತಡೆ. ಅಷ್ಟೇ ತತ್ತ್ವ.

ಆದರೆ ಕದಗಳಲ್ಲಿಯೂ ಜಾತಿಗಳಿವೆ. ಬಚ್ಚಲಿನ ನಲ್ಲಿಗೆ ನಿಮ್ಮ ಕೈ ಬೇಕು. ಸೈಕಲ್ಲಿನ ಟ್ಯೂಬಿನಲ್ಲಿರುವ ವಾಲ್ವ್‌ಗೆ ಕೈ ಬೇಡ. ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. ನಿಮ್ಮ ಹೃದಯದ ನಾಲ್ಕು ಕವಾಟಗಳು ಮಾಡುವುದೂ ಇದನ್ನೇ, ನೀವು ಮಲಗಿದ್ದಾಗಲೂ. ಇನ್ನು ಅಡುಗೆ ಮನೆಯ ಕುಕ್ಕರ್. ಅದರ ಮೇಲಿನ ಭಾರ, ಅಂದರೆ ನಾವು ವಿಸಿಲ್ ಎನ್ನುವುದು, ಒತ್ತಡ ಮಿತಿ ಮೀರಿದಾಗ ತಾನೇ ಮೇಲೆದ್ದು ಉಗಿಯನ್ನು ಬಿಡುತ್ತದೆ. ಬೇಳೆಯ ಸಿಪ್ಪೆ ಸಿಕ್ಕಿ ಆ ದಾರಿ ಕಟ್ಟಿಕೊಂಡರೆ? ಅದಕ್ಕೂ ಯೋಚಿಸಿದ್ದಾರೆ. ಮುಚ್ಚಳದಲ್ಲಿ ಸುರಕ್ಷಾ ಗುಂಡಿಯೊಂದಿದೆ. ಕುಕ್ಕರ್ ಅತಿಯಾಗಿ ಕಾದಾಗ ಅದರ ಲೋಹ ಕರಗಿ ಉಗಿಗೆ ದಾರಿ ಮಾಡಿಕೊಡುತ್ತದೆ. ಗುಂಡಿ ಹೋಗುತ್ತದೆ, ಅಡುಗೆಯವರು ಉಳಿಯುತ್ತಾರೆ.

ಎಣ್ಣೆ ಬಾವಿಯ ವಾಲ್ವ್ ವಿನ್ಯಾಸ ಮಾಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ಎಲ್ಲವೂ ಸರಿಯಿದ್ದಾಗ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಅರ್ಧ ಪ್ರಶ್ನೆ. ಎಲ್ಲವೂ ಕೆಟ್ಟಾಗ ಅದು ಯಾವ ಕಡೆಗೆ ಬೀಳಬೇಕು, ತೆರೆಯುವ ಕಡೆಗೋ, ಮುಚ್ಚುವ ಕಡೆಗೋ ಎಂಬುದು ಇನ್ನರ್ಧ.

ಬಾವಿಯ ತಲೆಯ ಮೇಲೊಂದು ಮರ

1974ರ ಫೆಬ್ರವರಿಯಲ್ಲಿ 'ಸಾಗರ ಸಾಮ್ರಾಟ್' ಎಂಬ ಕೊರೆಯುವ ರಿಗ್ ಮುಂಬಯಿ ಹೈನಲ್ಲಿ ಎಣ್ಣೆಯನ್ನು ಕಂಡುಹಿಡಿಯಿತು. 1976ರ ಮೇ ತಿಂಗಳಿನಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿಂದ ಕಡಲ ತಳದ ಕೊಳವೆಗಳಲ್ಲಿ ಎಣ್ಣೆ, ಅನಿಲಗಳು ಉರಣ್‌ಗೆ ಬರುತ್ತವೆ.

ಎಣ್ಣೆ ಬಾವಿ ಎಂದರೆ ನಮ್ಮೂರಿನ ಬಾವಿಯಂತೆ ಸೇದುವ ಬಾವಿಯಲ್ಲ. ನೆಲದಾಳದ ಕಲ್ಲಿನ ರಂಧ್ರಗಳಲ್ಲಿ ಎಣ್ಣೆ ಮತ್ತು ಅನಿಲ ಭಾರೀ ಒತ್ತಡದಲ್ಲಿ ಸಿಕ್ಕಿಕೊಂಡಿರುತ್ತವೆ. ದಾರಿ ಸಿಕ್ಕರೆ ನುಗ್ಗಿ ಬರುತ್ತವೆ. ಆದ್ದರಿಂದ ಬಾವಿಯ ಬಾಯಿಗೆ ಹಲವು ವಾಲ್ವ್‌ಗಳ ಒಂದು ಗೊಂಚಲನ್ನು ಕೂರಿಸುತ್ತಾರೆ. ನಟ್ಟನಡುವೆ ಕಾಂಡ, ಅಕ್ಕಪಕ್ಕ ಕೊಂಬೆ, ಕೊಂಬೆಗೆ ಚಕ್ರಗಳು; ನೋಡಲು ಅಲಂಕರಿಸಿದ ಮರದಂತಿರುವುದರಿಂದ ಇದಕ್ಕೆ ಕ್ರಿಸ್ಮಸ್ ಟ್ರೀ ಎಂದೇ ಹೆಸರು. ಕಾಂಡದಲ್ಲಿ ಒಂದರ ಮೇಲೊಂದು ಎರಡು ಮಾಸ್ಟರ್ ವಾಲ್ವ್. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಕೊಂಬೆಯಲ್ಲಿ ವಿಂಗ್ ವಾಲ್ವ್. ಅದರಾಚೆ ಚೋಕ್.

ಇವುಗಳು ತಡೆದುಕೊಳ್ಳಬೇಕಾದ ಒತ್ತಡವೆಷ್ಟು? ಕಾರಿನ ಚಕ್ರಕ್ಕೆ ಚದರ ಅಂಗುಲಕ್ಕೆ ಸುಮಾರು 30 ಪೌಂಡು ಗಾಳಿ ತುಂಬುತ್ತೇವೆ. ಬಾವಿಯ ವಾಲ್ವ್‌ಗಳ ದರ್ಜೆಗಳು 2,000 ಪೌಂಡಿನಿಂದ ಆರಂಭವಾಗಿ 20,000 ಪೌಂಡಿನವರೆಗೆ ಹೋಗುತ್ತವೆ. 5,000 ಪೌಂಡಿನ ದರ್ಜೆಯನ್ನೇ ತೆಗೆದುಕೊಳ್ಳಿ. ಕೇವಲ ನಾಲ್ಕು ಅಂಗುಲ ವ್ಯಾಸದ ಕದದ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕಿದರೆ ಸುಮಾರು 28 ಟನ್ ಬರುತ್ತದೆ. ನಿಮ್ಮ ಅಂಗೈಯಗಲದ ಉಕ್ಕಿನ ತಟ್ಟೆಯ ಮೇಲೆ ಜನ ತುಂಬಿದ ಎರಡು ಬಸ್ಸುಗಳನ್ನು ನಿಲ್ಲಿಸಿದಂತೆ!

ಇಲ್ಲಿ ವಿನ್ಯಾಸಕಾರನ ಜಾಣತನ ನೋಡಿ. ಇಷ್ಟು ಬಲದ ವಿರುದ್ಧ ಸೆಣಸುವ ಬದಲು ಅದನ್ನೇ ದುಡಿಸಿಕೊಳ್ಳುತ್ತಾನೆ. ಗೇಟ್ ವಾಲ್ವ್‌ನ ಚಪ್ಪಟೆ ಕದವನ್ನು ಒತ್ತಡವೇ ಆಚೆ ಬದಿಯ ಪೀಠಕ್ಕೆ ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಕದ ಬಿಗಿಯಾಗಿ ಕೂರುತ್ತದೆ.

ಆದರೆ ಈ ಗೇಟ್ ವಾಲ್ವ್‌ಗೊಂದು ಕಟ್ಟುಪಾಡಿದೆ. ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದಿಟ್ಟರೆ ಮರಳು ಬೆರೆತ ಎಣ್ಣೆ ಆ ಸಂದಿನಲ್ಲಿ ಬಿರುಸಾಗಿ ನುಗ್ಗಿ ಕದದ ಅಂಚನ್ನೂ ಪೀಠವನ್ನೂ ತಿಂದುಹಾಕುತ್ತದೆ. ಆಮೇಲೆ ಬೇಕೆಂದಾಗ ಅದು ಮುಚ್ಚುವುದಿಲ್ಲ. ಹರಿವನ್ನು ಹೆಚ್ಚು ಕಡಿಮೆ ಮಾಡುವ ಕೆಲಸಕ್ಕೆ ಬೇರೆಯೇ ಸಾಧನವಿದೆ, ಅದೇ ಚೋಕ್. ಅದರೊಳಗಿನ ಕಿರಿದಾದ ದಾರಿಯನ್ನು ಟಂಗ್‌ಸ್ಟನ್ ಕಾರ್ಬೈಡ್‌ನಂಥ ಗಡಸು ವಸ್ತುವಿನಿಂದ ಮಾಡುತ್ತಾರೆ. ಸವೆಯುವುದೇ ಅದರ ಕರ್ಮ, ಸವೆದರೆ ಬದಲಿಸುತ್ತಾರೆ. ನಿಯಂತ್ರಿಸುವವನು ಬೇರೆ, ಕಾಯುವವನು ಬೇರೆ. ಇಬ್ಬರ ಕೆಲಸವನ್ನು ಒಬ್ಬನಿಗೇ ಹೊರಿಸಬಾರದು.

ಹಾಗಾದರೆ ಎಲ್ಲವನ್ನೂ ಗಡಸು ಉಕ್ಕಿನಿಂದಲೇ ಮಾಡಬಾರದೇ ಎಂದು ನೀವು ಕೇಳಬಹುದು. ಕೆಲವು ಬಾವಿಗಳ ಅನಿಲದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದರ ಸಹವಾಸದಲ್ಲಿ ಅತಿ ಗಡಸಾದ ಉಕ್ಕು ಒಳಗೊಳಗೇ ಸೀಳು ಬಿಟ್ಟು, ಯಾವ ಸೂಚನೆಯೂ ಇಲ್ಲದೆ ಒಡೆದು ಹೋಗುತ್ತದೆ. ಆದ್ದರಿಂದ ಅಂಥ ಕಡೆ ಸಾಮಾನ್ಯ ಉಕ್ಕಿನ ಗಡಸುತನಕ್ಕೆ ಮೇಲಿನ ಮಿತಿ ಹಾಕಿದ್ದಾರೆ. ಬಾಗಲು ಬರುವವನೇ ಬಾಳುತ್ತಾನೆ ಎಂಬ ಹಿರಿಯರ ಮಾತು ಉಕ್ಕಿಗೂ ಸಲ್ಲುತ್ತದೆ.

ಸೋತಾಗ ಮುಚ್ಚುವ ಬಾಗಿಲು

ಕ್ರಿಸ್ಮಸ್ ಟ್ರೀಗೇ ಹಡಗು ಬಡಿದರೆ? ಬೆಂಕಿಯಲ್ಲಿ ಅದು ಕರಗಿದರೆ? ಇದಕ್ಕಾಗಿ ಬಾವಿಯ ಒಳಗೇ, ಕಡಲ ತಳಕ್ಕಿಂತಲೂ ಕೆಳಗೆ, ಇನ್ನೊಂದು ಕದವನ್ನು ಇಡುತ್ತಾರೆ. ಅಲ್ಲಿಗೆ ಯಾರ ಕೈಯೂ ತಲುಪುವಂತಿಲ್ಲ.

ಅದು ಕೆಲಸ ಮಾಡುವ ಬಗೆಯನ್ನು ಗಮನವಿಟ್ಟು ಓದಿ. ಇಡೀ ಲೇಖನದ ತಿರುಳು ಇಲ್ಲಿದೆ. ಬಾವಿಯ ಕೊಳವೆಯೊಳಗೆ ಬಿಜಾಗರಿಗೆ ಸಿಕ್ಕಿಸಿದ ಒಂದು ತಟ್ಟೆ. ಅದನ್ನು ಮುಚ್ಚಲು ಕಾದಿರುವ ಬಲವಾದ ಸ್ಪ್ರಿಂಗ್. ಮೇಲಿನಿಂದ ಬೆರಳಿಗಿಂತ ಸಣ್ಣ ನಳಿಕೆಯೊಂದರಲ್ಲಿ ದ್ರವವನ್ನು ಒತ್ತಿ ಕಳುಹಿಸಿದರೆ, ಆ ಒತ್ತಡ ಸ್ಪ್ರಿಂಗನ್ನು ಅದುಮಿ ತಟ್ಟೆಯನ್ನು ತೆರೆದಿಡುತ್ತದೆ. ಅಂದರೆ ವಾಲ್ವ್ ತೆರೆದಿರಬೇಕಾದರೆ ಮೇಲಿನವರು ಸದಾ ದುಡಿಯುತ್ತಿರಬೇಕು. ಮುಚ್ಚಲು ಯಾರೂ ಏನೂ ಮಾಡಬೇಕಾಗಿಲ್ಲ. ನಳಿಕೆ ತುಂಡಾದರೆ, ಪಂಪ್ ನಿಂತರೆ, ವೇದಿಕೆಯೇ ಇಲ್ಲವಾದರೆ ಒತ್ತಡ ಇಳಿಯುತ್ತದೆ, ಸ್ಪ್ರಿಂಗ್ ಗೆಲ್ಲುತ್ತದೆ, ಕದ ಮುಚ್ಚುತ್ತದೆ. ಸೋಲುವುದೇ ಆದರೆ ಸುರಕ್ಷಿತ ಕಡೆಗೆ ಸೋಲು ಎಂಬುದು ಇದರ ಸೂತ್ರ.

ಸುರಕ್ಷಿತ ಕಡೆ ಎಂದರೆ ಯಾವಾಗಲೂ ಮುಚ್ಚುವ ಕಡೆಯಲ್ಲ, ನೆನಪಿಡಿ. ಬೆಂಕಿ ಆರಿಸುವ ನೀರಿನ ವಾಲ್ವ್ ಕೆಟ್ಟರೆ ತೆರೆದುಕೊಳ್ಳಬೇಕು. ಕುಕ್ಕರಿನ ಗುಂಡಿಯೂ ತೆರೆಯಲೇಬೇಕು. ಯಾವುದು ಎತ್ತ ಬೀಳಬೇಕೆಂದು ಮೊದಲೇ ಕುಳಿತು ಯೋಚಿಸುವುದೇ ವಿನ್ಯಾಸ.

ತಾನಾಗಿ ಕೆಲಸ ಮಾಡುವ ಕದದ ಕಲ್ಪನೆ ನಮಗೆ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, ಆಗಿನ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸೇವೆಯಲ್ಲಿದ್ದವರು. ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟ ಮೀರಿದಾಗ ಅವು ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಮಧ್ಯರಾತ್ರಿ ಪ್ರವಾಹ ಬಂದರೆ ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ. ಅವರು ತಡೆದದ್ದು ನೀರು, ನಾವು ತಡೆಯುವುದು ಎಣ್ಣೆ. ಚಿಂತನೆ ಮಾತ್ರ ಒಂದೇ.

ಅವಸರದಲ್ಲಿ ಮುಚ್ಚಿದರೆ

ಬಾವಿಯಿಂದ ಹೊರಬಿದ್ದ ಎಣ್ಣೆ ಕೊಳವೆ ಮಾರ್ಗ ಸೇರಿತೆನ್ನಿ. ಇಲ್ಲಿ ಹೆಚ್ಚಾಗಿ ಬಾಲ್ ವಾಲ್ವ್‌ಗಳಿರುತ್ತವೆ. ನಡುವೆ ತೂತು ಕೊರೆದ ಉಕ್ಕಿನ ಚೆಂಡು. ಕಾಲು ಸುತ್ತು ತಿರುಗಿಸಿದರೆ ತೂತು ಅಡ್ಡವಾಗಿ ದಾರಿ ಬಂದ್. ಆ ತೂತು ಕೊಳವೆಯಷ್ಟೇ ಅಗಲವಿರಬೇಕು. ಏಕೆಂದರೆ ಕೊಳವೆಯ ಒಳಗೋಡೆಯನ್ನು ಉಜ್ಜಿ ಸ್ವಚ್ಛ ಮಾಡುವ 'ಪಿಗ್' ಎಂಬ ಸಾಧನ ಎಣ್ಣೆಯ ಜೊತೆ ಸಾಗಿ ಬರುತ್ತದೆ. ಅದು ದಾರಿಯಲ್ಲಿ ಸಿಕ್ಕಿಕೊಳ್ಳಬಾರದು.

ಉದ್ದದ ಕೊಳವೆಯಲ್ಲಿ ಬೇರೆಯೇ ಒಂದು ಅಪಾಯವಿದೆ. ಓಡುವ ರೈಲಿನ ಇಂಜಿನ್ ಗಕ್ಕನೆ ನಿಂತರೆ ಹಿಂದಿನ ಡಬ್ಬಿಗಳು ಒಂದರ ಮೇಲೊಂದು ನುಗ್ಗುವುದಿಲ್ಲವೇ? ಹರಿಯುವ ದ್ರವವೂ ಹಾಗೆಯೇ. ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ಮಾಡಿ, 1898ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ, ಅಂದರೆ ನಿಧಾನವಾಗಿ ನಡೆಯುವ ವೇಗದಲ್ಲಿ, ಹರಿಯುವ ನೀರನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಸುಮಾರು 12 ವಾಯುಭಾರದಷ್ಟು ಜಿಗಿಯುತ್ತದೆ. ಹಳೆಯ ಕಟ್ಟಡಗಳಲ್ಲಿ ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಗೋಡೆಯೊಳಗಿನ ಪೈಪು 'ಧಡ್' ಎನ್ನುವುದು ಇದೇ ಕಾರಣಕ್ಕೆ. ಆದ್ದರಿಂದ ಕೊಳವೆ ಮಾರ್ಗದ ದೊಡ್ಡ ವಾಲ್ವ್‌ಗಳು ಎಷ್ಟು ಹೊತ್ತಿನಲ್ಲಿ ಮುಚ್ಚಬೇಕೆಂದು ಲೆಕ್ಕ ಹಾಕಿ ನಿಗದಿ ಮಾಡುತ್ತಾರೆ. ತಡವಾದರೆ ಸೋರಿಕೆ; ಅವಸರವಾದರೆ ಕೊಳವೆಗೇ ಪೆಟ್ಟು.

ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ 2003ರಲ್ಲಿ ಕಾರ್ಯಾರಂಭ ಮಾಡಿತು. ಕಡಲ ಮಟ್ಟದಿಂದ ಅದು ಪಶ್ಚಿಮ ಘಟ್ಟವನ್ನು ಏರಬೇಕು. 900 ಮೀಟರ್ ಎತ್ತರಕ್ಕೆ ನಿಂತ ಪೆಟ್ರೋಲಿನ ಕಂಬ ತನ್ನ ಭಾರದಿಂದಲೇ ಬುಡದಲ್ಲಿ ಸುಮಾರು 65 ವಾಯುಭಾರದಷ್ಟು ಒತ್ತುತ್ತದೆ. ಏರುದಾರಿಯ ಇಂಥ ಯಾವುದೇ ಕೊಳವೆಯಲ್ಲಿ ಪಂಪ್ ನಿಂತರೆ ಆ ಎಣ್ಣೆಯೆಲ್ಲ ಹಿಂದಕ್ಕೆ ಧುಮುಕದಂತೆ ತಡೆಯಬೇಕಾದುದು ಯಾರು? ಸೈಕಲ್ ಟ್ಯೂಬಿನ ವಾಲ್ವ್‌ನ ದೊಡ್ಡಣ್ಣ, ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್.

ಮೂರು ದುರಂತ, ಮೂರು ಪಾಠ

ಇಷ್ಟೆಲ್ಲ ಜಾಣತನವಿದ್ದೂ ದುರಂತಗಳೇಕೆ ನಡೆಯುತ್ತವೆ?

1988ರ ಜುಲೈ 6. ಸ್ಕಾಟ್ಲೆಂಡ್ ಸಮೀಪದ ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆ. ಎರಡು ಪಂಪ್‌ಗಳಲ್ಲಿ ಒಂದರ ಸುರಕ್ಷಾ ವಾಲ್ವ್ ಅನ್ನು ತಪಾಸಣೆಗೆಂದು ಹಗಲಿನಲ್ಲಿ ಬಿಚ್ಚಿ, ಆ ಜಾಗಕ್ಕೊಂದು ತಟ್ಟೆ ಮುಚ್ಚಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ವಾಲ್ವ್ ಸ್ಥಾನದಲ್ಲಿಲ್ಲ ಎಂಬ ಸಂಗತಿ ರಾತ್ರಿ ಪಾಳಿಯವರಿಗೆ ತಿಳಿಯಲಿಲ್ಲ. ಇನ್ನೊಂದು ಪಂಪ್ ನಿಂತಾಗ ಅವರು ಈ ಪಂಪ್ ಚಾಲು ಮಾಡಿದರು. ತಟ್ಟೆಯ ಸಂದಿನಿಂದ ಇಂಧನ ಸೋರಿ ಸ್ಫೋಟವಾಯಿತು. ನೆರೆಯ ವೇದಿಕೆಗಳಿಂದ ಬರುತ್ತಿದ್ದ ಅನಿಲ ಕೊಳವೆಗಳೂ ಒಡೆದು ಬೆಂಕಿಗೆ ತುಪ್ಪ ಸುರಿದಂತಾಯಿತು. 167 ಮಂದಿ ಸತ್ತರು. ಲಾರ್ಡ್ ಕಲೆನ್ ಅವರ 1990ರ ವರದಿ 106 ಶಿಫಾರಸುಗಳನ್ನು ಮಾಡಿತು. ಮೊದಲ ಪಾಠ: ವಾಲ್ವ್ ಎಲ್ಲಿದೆ, ಹೇಗಿದೆ ಎಂಬ ಸುದ್ದಿಯೂ ವಾಲ್ವ್‌ನಷ್ಟೇ ಮುಖ್ಯ.

2005ರ ಜುಲೈ 27, ನಮ್ಮ ಮುಂಬಯಿ ಹೈ. ಸಹಾಯಕ ನೌಕೆ 'ಸಮುದ್ರ ಸುರಕ್ಷಾ'ದಲ್ಲಿ ಅಡುಗೆಯವನೊಬ್ಬನ ಕೈಗೆ ಗಾಯವಾಗಿತ್ತು. ಮಳೆಗಾಲದ ಹವೆಯಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಚಿಕಿತ್ಸೆಗೆಂದು ಅವನನ್ನು ವೇದಿಕೆಗೆ ದಾಟಿಸಲು ನೌಕೆ ಹತ್ತಿರ ಬಂದಾಗ, ಎದ್ದೇಳುವ ಅಲೆಗಳಲ್ಲಿ ಅದು ಅನಿಲದ ನಿಲುಗೊಳವೆಗೆ ಬಡಿಯಿತು. ಒಬ್ಬನ ಕೈ ಉಳಿಸಲು ಹೊರಟಲ್ಲಿ ಇಡೀ ವೇದಿಕೆ ಎರಡೇ ತಾಸಿನಲ್ಲಿ ಕಡಲಿಗೆ ಕುಸಿಯಿತು. 362 ಮಂದಿಯನ್ನು ಪಾರು ಮಾಡಲಾಯಿತು. 22 ಮಂದಿ ಮರಳಲಿಲ್ಲ. ತುರ್ತು ವಾಲ್ವ್‌ಗಳು ಇರಲಿಲ್ಲವೇ? ಇದ್ದವು, ಕೊಳವೆಗಳ ತುದಿಗಳಲ್ಲಿ. ಆದರೆ ಕೆಲವು ಕೊಳವೆಗಳ ಉದ್ದ 12 ಕಿಲೋಮೀಟರ್‌ವರೆಗೆ ಇತ್ತು. ಅಷ್ಟುದ್ದಕ್ಕೂ ತುಂಬಿದ್ದ ಅನಿಲಕ್ಕೆ ಒಡೆದ ಜಾಗವೇ ಬಾಗಿಲಾಯಿತು. ಎರಡನೆಯ ಪಾಠ: ಕದ ಮುಚ್ಚಿದರೆ ಸಾಲದು, ಅದು ಇರಬೇಕಾದ ಜಾಗದಲ್ಲಿರಬೇಕು.

2010ರ ಏಪ್ರಿಲ್ 20, ಅಮೆರಿಕದ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್. ಕೊರೆಯುವಾಗ ಬಾವಿ ಉಕ್ಕಿದರೆ ತಡೆಯಲು ಕಡಲ ತಳದಲ್ಲಿ ಬ್ಲೋಔಟ್ ಪ್ರಿವೆಂಟರ್ ಎಂಬ ದೈತ್ಯ ವಾಲ್ವ್‌ಗಳ ಸಮೂಹವಿತ್ತು. ಕೊನೆಯ ಗಳಿಗೆಯಲ್ಲಿ ಕೊರೆಗೊಳವೆಯನ್ನೇ ಕತ್ತರಿಸಿ ಬಾವಿಯನ್ನು ಮುಚ್ಚಬಲ್ಲ ಅಲಗುಗಳು ಅದರಲ್ಲಿದ್ದವು. ಆದರೆ ಒಳಗಿನ ಕೊಳವೆ ಬಾಗಿ ಬದಿಗೆ ಸರಿದಿತ್ತು. ಅಲಗುಗಳು ಅದನ್ನು ನೆಟ್ಟಗೆ ಕತ್ತರಿಸಲಾಗಲಿಲ್ಲ. 11 ಮಂದಿ ಅಸು ನೀಗಿದರು. ಬಾವಿಯ ಬಾಯಿ ಕಟ್ಟಲು 87 ದಿನ ಬೇಕಾಯಿತು. ಮೂರನೆಯ ಪಾಠ: ಕಾರ್ಖಾನೆಯಲ್ಲಿ ನೆಟ್ಟಗಿರುವ ಕೊಳವೆ ಆಪತ್ತಿನಲ್ಲಿ ನೆಟ್ಟಗಿರುವುದಿಲ್ಲ. ಕೆಟ್ಟ ದಿನಕ್ಕಾಗಿ ಮಾಡಿದ್ದನ್ನು ಕೆಟ್ಟ ದಿನದಂತೆಯೇ ಪರೀಕ್ಷಿಸಬೇಕು.

ಒಂದು ಗುಳ್ಳೆಯ ಕಥೆ

ಪರೀಕ್ಷೆಯ ಮಾತು ಬಂದಾಗ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಕೊಳವೆ ಮಾರ್ಗದ ವಾಲ್ವ್‌ನ ಒಡಲನ್ನು ನಿಗದಿತ ಒತ್ತಡದ ಒಂದೂವರೆ ಪಟ್ಟು ನೀರಿನಿಂದ ಪರೀಕ್ಷಿಸುತ್ತಾರೆ. ಆಮೇಲೆ ಮುಚ್ಚಿದ ಕದದ ಒಂದು ಬದಿಗೆ ಗಾಳಿ ತುಂಬಿ, ಇನ್ನೊಂದು ಬದಿಯಲ್ಲಿ ನೀರಿನೊಳಗೆ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ. ಮೆದು ಪೀಠದ ವಾಲ್ವ್‌ನಲ್ಲಿ ಒಂದು ಗುಳ್ಳೆಯೂ ಕಾಣಬಾರದು.

ನಾನು ಕೆಲಸಕ್ಕೆ ಸೇರಿದ ಹೊಸತು. ಬಾಗಿಲಲ್ಲಿ ಲಾರಿ ಕಾದಿತ್ತು. ಕೊನೆಯ ವಾಲ್ವ್‌ನಲ್ಲಿ ಬಹಳ ಹೊತ್ತಿಗೆ ಒಂದೇ ಒಂದು ಗುಳ್ಳೆ ಮೇಲೆ ಬಂತು. "ಒಳಗೆ ಸಿಕ್ಕಿದ್ದ ಗಾಳಿ ಇರಬೇಕು" ಎಂದು ನಾನು ಸಹಿ ಹಾಕಲು ಪೆನ್ನು ತೆಗೆದೆ. ನಮ್ಮ ಹಿರಿಯ ಫಿಟ್ಟರ್, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಮರಾಠಿ ಗೃಹಸ್ಥ, ನನ್ನ ಕೈ ಹಿಡಿಯಲಿಲ್ಲ, ದನಿ ಏರಿಸಲಿಲ್ಲ. "ಇನ್ನೊಂದು ಬರುತ್ತದೋ ನೋಡೋಣ, ಸಾಹೇಬ್" ಎಂದು ನೀರಿನ ಪಾತ್ರೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು. ಇನ್ನೊಂದು ಬಂತು. ಬಿಚ್ಚಿ ನೋಡಿದರೆ ಪೀಠದ ಉಂಗುರದ ಮೇಲೆ ಕೂದಲೆಳೆಯಂಥ ಗೀರು. ಉಂಗುರ ಬದಲಿಸಿ ಮತ್ತೆ ಪರೀಕ್ಷಿಸುವಷ್ಟರಲ್ಲಿ ಬೆಳಗಾಯಿತು. ಲಾರಿ ತಡವಾದುದಕ್ಕೆ ನಾನು ಬೈಸಿಕೊಂಡೆ.

ಆ ವಾಲ್ವ್ ಯಾವ ಕಡಲಿಗೆ ಹೋಯಿತೋ, ಯಾರ ತಲೆಯ ಮೇಲೆ ಕಾವಲು ನಿಂತಿತೋ ನನಗೆ ಗೊತ್ತಿಲ್ಲ. ಅದರ ಬಗ್ಗೆ ಯಾವ ಸುದ್ದಿಯೂ ಬರಲಿಲ್ಲ. ನಮ್ಮ ಕಸುಬಿನಲ್ಲಿ ಸುದ್ದಿ ಬಾರದಿರುವುದೇ ಬಹುಮಾನ.

ಯುವ ಮಿತ್ರರೇ, ನಿಮ್ಮಲ್ಲಿ ಕೆಲವರು ಇಂಜಿನಿಯರುಗಳಾಗುತ್ತೀರಿ, ಕೆಲವರು ಬೇರೆ ದಾರಿ ಹಿಡಿಯುತ್ತೀರಿ. ಯಾವುದೇ ಆಗಲಿ, ಕೈಗೆತ್ತಿಕೊಂಡ ಕೆಲಸ ಕೆಟ್ಟರೆ ಯಾವ ಕಡೆ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎಂದು ಒಮ್ಮೆ ಕೇಳಿಕೊಳ್ಳಿ. ಇಂದು ರಾತ್ರಿಯೇ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಗೆ ಬರುವ ಅಡುಗೆ ಅನಿಲವನ್ನು ಎಲ್ಲಿ ಮುಚ್ಚಬೇಕೆಂದು ಅಮ್ಮನನ್ನು ಕೇಳಿ ತಿಳಿದುಕೊಳ್ಳಿ; ಕತ್ತಲಲ್ಲೂ ಕೈ ಅಲ್ಲಿಗೆ ಹೋಗುವಂತಿರಲಿ. ಕುಕ್ಕರಿನ ಸುರಕ್ಷಾ ಗುಂಡಿ ಹಳತಾಗಿದ್ದರೆ ಹೊಸದು ತಂದು ಕೊಡಿ.

ಮತ್ತೆ ಆ ಪಂಕ್ತಿಯ ಹುಡುಗನಿಗೆ: ಹೌದಪ್ಪ, ಮೂವತ್ತು ವರ್ಷ ನಲ್ಲಿಯನ್ನೇ ಮಾಡಿದೆ. ತಿರುಗಿಸಲು ಯಾರೂ ಇಲ್ಲದಾಗ ತಾನಾಗಿ ಮುಚ್ಚಿಕೊಳ್ಳುವ ನಲ್ಲಿ. ಮುಂದಿನ ವಾರ್ಷಿಕೋತ್ಸವಕ್ಕೂ ಬಾ. ಪಕ್ಕದಲ್ಲೇ ಕುಳಿತು ಊಟ ಮಾಡೋಣ.